ಎಣ್ಣೆತಾಳೆಯ ಬೀಜ ತಯಾರಿ: ಚೀಲ ಕಟ್ಟುವುದರಿಂದ ವಂಶಾವಳಿ ಬರೆಯುವವರೆಗೆ

ಎಣ್ಣೆತಾಳೆಯಲ್ಲಿ ಇವತ್ತು ಮಾಡಿದ ತಪ್ಪು ಕಣ್ಣಿಗೆ ಬೀಳಲು ನಾಲ್ಕೂವರೆ ವರ್ಷ ಬೇಕು. ಪರಾಗ ಬಿದ್ದು ಗೊನೆ ಹಣ್ಣಾಗಲು ಐದೂವರೆ ತಿಂಗಳು, ಬೀಜ ಮೊಳೆಯಲು ನಾಲ್ಕು ತಿಂಗಳು, ಸಸಿಮಡಿಯಲ್ಲಿ ಒಂದು ವರ್ಷ, ನೆಟ್ಟ ಮೇಲೆ ಮೊದಲ ಗೊನೆಗೆ ಎರಡೂವರೆಯಿಂದ ಮೂರು ವರ್ಷ. ಹೊರಗಿನ ಪರಾಗ ಬೀಳದಂತೆ ಹೊಂಬಾಳೆಗೆ ಕಟ್ಟಿದ ಚೀಲದ ಸಂದಿಯಲ್ಲಿ ಪರಾಗ ಹೊರುವ ಮೂತಿಹುಳು ನುಸುಳಿತ್ತು ಎಂಬುದು ಗೊತ್ತಾಗುವುದು ಆ ಮೊದಲ ಕಾಯಿಯನ್ನು ಚಾಕುವಿನಲ್ಲಿ ಸೀಳಿ ಒಳಗೆ ಬೇಡದ ದಪ್ಪ ಚಿಪ್ಪು ಕಂಡಾಗ. ಅಷ್ಟರಲ್ಲಿ ಮರ ನೀರು, ಗೊಬ್ಬರ, ಕೂಲಿ ಎಲ್ಲ ತಿಂದು ಬೆಳೆದಿರುತ್ತದೆ. ಇನ್ನು ಅದು ಇಪ್ಪತ್ತೈದು ವರ್ಷ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಈ ಬೆಳೆಯಲ್ಲಿ ಬೀಜ ತಯಾರಿಸುವವರು ಎರಡು ಕೆಲಸವನ್ನು ಒಟ್ಟಿಗೆ ಮಾಡಬೇಕು. ಒಂದೊಂದು ಸಂಕರಣವನ್ನೂ ಹೊರಗಿನ ಒಂದು ಕಣ ಪರಾಗವೂ ಸೇರದಂತೆ ಬಿಗಿಯಾಗಿ ಕಾಯಬೇಕು. ಆ ಸಂಕರಣಗಳ ಹಿಂದಿರುವ ತಾಯಿತಂದೆಗಳ ಬಳಗವನ್ನು ಆದಷ್ಟು ಅಗಲವಾಗಿ ಇಟ್ಟುಕೊಳ್ಳಬೇಕು. ಮೊದಲನೆಯದನ್ನು ಚೆನ್ನಾಗಿ ಮಾಡುವವರು ಎರಡನೆಯದನ್ನು ಮರೆಯುವುದೇ ಹೆಚ್ಚು. ಇಲ್ಲಿ ಹೇಳುವುದೆಲ್ಲ ಆಫ್ರಿಕನ್ ಎಣ್ಣೆತಾಳೆ, ಅಂದರೆ ಎಲೈಸ್ ಗಿನೀನ್ಸಿಸ್ ಬಗ್ಗೆ. ಅದರ ಅಮೆರಿಕದ ಸೋದರ ಜಾತಿಯ ಮಾತು ಕೊನೆಗೆ ಬರುತ್ತದೆ.

ಮೊದಲು ಮರದ ಸ್ವಭಾವ

ಇದು ಒಂದೇ ಮರದಲ್ಲಿ ಗಂಡು ಹೊಂಬಾಳೆಯೂ ಹೆಣ್ಣು ಹೊಂಬಾಳೆಯೂ ಬಿಡುವ ಜಾತಿ. ಆದರೆ ಎರಡೂ ಸಾಮಾನ್ಯವಾಗಿ ಏಕಕಾಲಕ್ಕೆ ಬರುವುದಿಲ್ಲ. ಕೆಲವು ತಿಂಗಳು ಸಾಲಾಗಿ ಹೆಣ್ಣು, ಆಮೇಲೆ ಕೆಲವು ತಿಂಗಳು ಗಂಡು. ತನ್ನ ಪರಾಗ ತನಗೇ ಬೀಳದಂತೆ ಮರ ಮಾಡಿಕೊಂಡ ವ್ಯವಸ್ಥೆ ಇದು. ಆದ್ದರಿಂದ ಈ ಜಾತಿ ಹುಟ್ಟಿನಿಂದಲೇ ಪರಕೀಯ ಪರಾಗಕ್ಕೆ ಒಗ್ಗಿದ್ದು. ಹತ್ತಿರದ ಸಂಬಂಧದಲ್ಲಿ ಪದೇ ಪದೇ ಕೂಡಿಸಿದರೆ ಬೆಳವಣಿಗೆ, ಗೊನೆಯ ತೂಕ, ಫಲ ಕಟ್ಟುವಿಕೆ ಎಲ್ಲವೂ ಸೊರಗುತ್ತವೆ.

ಪ್ರತಿ ಗರಿಯ ಕಂಕುಳಲ್ಲಿ ಒಂದೇ ಹೊಂಬಾಳೆ. ಬೆಳೆದ ಮರ ವರ್ಷಕ್ಕೆ 20ರಿಂದ 24 ಗರಿ ಬಿಡುತ್ತದೆ. ಹೊಂಬಾಳೆಯ ಗರಿಷ್ಠ ಲೆಕ್ಕವೂ ಅಷ್ಟೇ. ಅದು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ಹೂ ಅರಳುವ ಸುಮಾರು ಎರಡು ವರ್ಷ ಮೊದಲೇ ತೀರ್ಮಾನವಾಗಿರುತ್ತದೆ. ನೀರಿನ ಕೊರತೆ, ಗರಿಗಳನ್ನು ಅತಿಯಾಗಿ ಕಡಿಯುವುದು, ಮರದ ಮೇಲೆ ಗೊನೆಗಳ ಹೊರೆ ಇಂಥ ಒತ್ತಡ ಬಂದಾಗ ಗಂಡು ಹೆಚ್ಚುತ್ತದೆ. ಇಂದು ತೋಟದಲ್ಲಿ ಗಂಡು ಹೂವೇ ತುಂಬಿದ್ದರೆ ಎರಡು ವರ್ಷದ ಹಿಂದಿನ ಬೇಸಿಗೆಯ ದಾಖಲೆ ತೆಗೆದು ನೋಡಿ, ಈ ವರ್ಷದ ಗೊಬ್ಬರವನ್ನು ದೂರಬೇಡಿ.

ಗಂಡು ಹೊಂಬಾಳೆಯಲ್ಲಿ ಬೆರಳಿನಂಥ ನೂರಾರು ಕಡ್ಡಿಗಳು, ಒಂದೊಂದರಲ್ಲೂ ನೂರಾರು ಸಣ್ಣ ಹೂ. ಅವು ಕಡ್ಡಿಯ ಬುಡದಿಂದ ತುದಿಯ ಕಡೆಗೆ ಅರಳುತ್ತವೆ. ಸೋಂಪಿನ ಗಾಢ ವಾಸನೆ ಬಂದರೆ ಅರಳಿದೆ ಎಂದೇ ಅರ್ಥ. ಹೆಣ್ಣು ಹೊಂಬಾಳೆಯಲ್ಲಿ ಕಡ್ಡಿಗಳು ಮೋಟು, ತುದಿಯಲ್ಲಿ ಚೂಪು ಮುಳ್ಳು, ಒಟ್ಟು ಹೂಗಳು ಕೆಲವು ಸಾವಿರ. ಆ ವಾಸನೆಗೆ ಬರುವುದು ಎಲೈಡೋಬಿಯಸ್ ಕ್ಯಾಮರೂನಿಕಸ್ ಎಂಬ ಮೂತಿಹುಳು. ಇದು ಮೂರು ನಾಲ್ಕು ಮಿಲಿಮೀಟರಿನ ಕಂದು ಹುಳು, ಮೊಟ್ಟೆ ಇಡುವುದು ಗಂಡು ಹೂವಿನಲ್ಲಿ. ಹೆಣ್ಣು ಹೂ ಕೂಡ ಆಗಾಗ ಅದೇ ವಾಸನೆ ಬಿಟ್ಟು ಅದನ್ನು ಮೋಸದಿಂದ ಕರೆಯುತ್ತದೆ. ಆಗ್ನೇಯ ಏಷ್ಯಾದಲ್ಲಿ ಈ ಹುಳು ಇರಲಿಲ್ಲ. ಅಲ್ಲಿನ ತೋಟಗಳಲ್ಲಿ ಕೂಲಿಗಳು ಕೈಯಿಂದ ಪರಾಗ ಊದುತ್ತಿದ್ದರು. 1981ರಲ್ಲಿ ಕ್ಯಾಮರೂನ್‌ನಿಂದ ತಂದ ಹುಳುಗಳನ್ನು ಮಲೇಷ್ಯಾದ ತೋಟಗಳಲ್ಲಿ ಬಿಟ್ಟ ಮೇಲೆ ಆ ಕೆಲಸವೇ ನಿಂತಿತು. ತೋಟಗಾರನಿಗೆ ದೇವರಂತೆ ಬಂದ ಈ ಹುಳುವೇ ಬೀಜ ತಯಾರಿಸುವವನ ದೊಡ್ಡ ಶತ್ರು.

ಚಿಪ್ಪಿನ ಲೆಕ್ಕ

ಎಣ್ಣೆತಾಳೆಯ ಕಾಯಿ ಮೂರು ರೂಪ. ಡ್ಯೂರಾದಲ್ಲಿ ಚಿಪ್ಪು ದಪ್ಪ, 2ರಿಂದ 8 ಮಿ.ಮೀ. ಟೆನೆರಾದಲ್ಲಿ ತೆಳು, ಅರ್ಧದಿಂದ 4 ಮಿ.ಮೀ. ಪಿಸಿಫೆರಾದಲ್ಲಿ ಚಿಪ್ಪೇ ಇಲ್ಲ, ಆದರೆ ಅದರ ಹೆಣ್ಣು ಹೂ ಬಹುಪಾಲು ಬಂಜೆ. ಗೊನೆ ಮೂಡಿ ಎರಡು ಮೂರು ತಿಂಗಳಲ್ಲಿ ಮರದ ಮೇಲೇ ಕೊಳೆಯುತ್ತದೆ. ಎಣ್ಣೆ ಇರುವುದು ಹೊರಗಿನ ತಿರುಳಿನಲ್ಲಿ. ಹಾಗಾಗಿ ಚಿಪ್ಪು ತೆಳುವಾದಷ್ಟೂ ಎಣ್ಣೆಗೆ ಜಾಗ ಹೆಚ್ಚು, ತೋಟಕ್ಕೆ ಬೇಕಾದದ್ದು ಟೆನೆರಾ.

ಈ ಮೂರೂ ಒಂದೇ ಜೀನಿನ ಆಟ ಎಂದು ಬೆಲ್ಜಿಯನ್ ಕಾಂಗೋದಲ್ಲಿ ಕೆಲಸ ಮಾಡುತ್ತಿದ್ದ ಬೈರ್‌ನಾರ್ಟ್ ಮತ್ತು ವಾಂಡರ್‌ವೇಯೆನ್ 1941ರಲ್ಲಿ ತೋರಿಸಿದರು. ದಪ್ಪ ಚಿಪ್ಪಿನ ಎರಡು ಪ್ರತಿ ಇದ್ದರೆ ಡ್ಯೂರಾ, ಒಂದು ಇದ್ದರೆ ಟೆನೆರಾ, ಒಂದೂ ಇಲ್ಲದಿದ್ದರೆ ಪಿಸಿಫೆರಾ. ಆ ಜೀನ್ ಯಾವುದೆಂದು ಡಿಎನ್‌ಎ ಮಟ್ಟದಲ್ಲಿ ಗುರುತಿಸಿದ್ದು 2013ರಲ್ಲಿ. ಕೂಡಿಕೆಯ ಫಲ ಹೀಗೆ:

ಡ್ಯೂರಾ ತಾಯಿ, ಪಿಸಿಫೆರಾ ತಂದೆ: ಎಲ್ಲವೂ ಟೆನೆರಾ.
ಡ್ಯೂರಾ ತಾಯಿ, ಟೆನೆರಾ ತಂದೆ: ಅರ್ಧ ಡ್ಯೂರಾ, ಅರ್ಧ ಟೆನೆರಾ.
ಟೆನೆರಾಕ್ಕೆ ಟೆನೆರಾ: ಕಾಲು ಭಾಗ ಡ್ಯೂರಾ, ಅರ್ಧ ಟೆನೆರಾ, ಕಾಲು ಭಾಗ ಪಿಸಿಫೆರಾ.

ಒಳ್ಳೆಯ ತೋಟದಲ್ಲಿ ಉದುರಿದ ಹಣ್ಣು ಆಯ್ದು ಸಸಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೂರನೇ ಸಾಲೇ ಉತ್ತರ. ನೂರು ಸಸಿಯಲ್ಲಿ ಇಪ್ಪತ್ತೈದು ಗೊನೆಯನ್ನೇ ಕಟ್ಟದ ಪಿಸಿಫೆರಾ, ಇಪ್ಪತ್ತೈದು ದಪ್ಪ ಚಿಪ್ಪಿನ ಡ್ಯೂರಾ. ಸಸಿ ನೋಡಲು ಹಸಿರಾಗಿ, ಸೊಂಪಾಗಿಯೇ ಇರುತ್ತದೆ. ಪಿಸಿಫೆರಾ ಅಂತೂ ಇನ್ನೂ ದಷ್ಟಪುಷ್ಟ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಬೀಜದ ಚಿಪ್ಪು ತಾಯಿಮರದ ಅಂಗಾಂಶ, ಒಳಗಿನ ಭ್ರೂಣದ್ದಲ್ಲ. ಡ್ಯೂರಾ ತಾಯಿಗೆ ಪಿಸಿಫೆರಾ ಪರಾಗ ಹಾಕಿ ಪಡೆದ ಅಸಲಿ ಟೆನೆರಾ ಬೀಜಕ್ಕೆ ದಪ್ಪ ಚಿಪ್ಪೇ ಇರುತ್ತದೆ. ತೆಳು ಚಿಪ್ಪಿನ ಬೀಜವನ್ನು ಯಾರಾದರೂ ಹೆಮ್ಮೆಯಿಂದ "ಟೆನೆರಾ ಬೀಜ" ಎಂದು ಕೊಟ್ಟರೆ ಅದರ ತಾಯಿ ಟೆನೆರಾ, ಅಂದರೆ ಅದು ತೋಟದಲ್ಲಿ ಆಯ್ದ ಬೀಜ.

ಮರದ ರೂಪ ತಿಳಿಯಲು ಹಣ್ಣಾದ ಗೊನೆಯ ಹೊರಸಾಲಿನಿಂದ ನಾಲ್ಕೈದು ಕಾಯಿ ಕಿತ್ತು, ಹರಿತ ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿ. ಟೆನೆರಾದಲ್ಲಿ ಚಿಪ್ಪಿನ ಸುತ್ತ, ಕಿತ್ತಳೆ ತಿರುಳಿನೊಳಗೆ, ನಾರಿನ ಕಪ್ಪು ಚುಕ್ಕೆಗಳ ಉಂಗುರ ಕಾಣುತ್ತದೆ. ಡ್ಯೂರಾದಲ್ಲಿ ಆ ಉಂಗುರ ಇರುವುದಿಲ್ಲ. ಚಿಪ್ಪಿನ ದಪ್ಪ ಅಳೆದು ತೀರ್ಮಾನಿಸುವವರು ಮೋಸ ಹೋಗುತ್ತಾರೆ. ತೆಳುವಾದ ಡ್ಯೂರಾ ಮತ್ತು ದಪ್ಪನೆಯ ಟೆನೆರಾ ಎರಡೂ 2ರಿಂದ 4 ಮಿ.ಮೀ. ನಡುವೆ ಬರುತ್ತವೆ. ಉಂಗುರವನ್ನೇ ನಂಬಿ.

ಹಂತ 1: ಪರಾಗ ಹಿಡಿಯುವುದು

ಪಿಸಿಫೆರಾ ಮರದಲ್ಲಿ ಗೊನೆ ಕಟ್ಟದ ಕಾರಣ ಹೊರೆಯಿಲ್ಲ, ಹೊರೆ ಇಲ್ಲದ್ದರಿಂದ ಅದು ಹೆಣ್ಣು ಹೊಂಬಾಳೆಯನ್ನೇ ಹೆಚ್ಚು ಬಿಡುತ್ತದೆ. ಬೇಕಾದಾಗ ಗಂಡು ಸಿಗುವುದಿಲ್ಲ. ಗರಿ ಕಡಿದು ಒತ್ತಡ ಹೇರಿ ಗಂಡು ಬರಿಸುವ ರೂಢಿ ಇದೆ, ಆದರೆ ಫಲಕ್ಕೆ ಬಹಳ ಕಾಯಬೇಕು. ಆದ್ದರಿಂದ ಸಿಕ್ಕಾಗ ಹಿಡಿದು ಶೀತದಲ್ಲಿ ಇಟ್ಟುಕೊಳ್ಳುವುದೇ ಜಾಣತನ.

ಹೊಂಬಾಳೆ ಅರಳುವ ಕನಿಷ್ಠ ಏಳೆಂಟು ದಿನ ಮೊದಲೇ ಚೀಲ ಕಟ್ಟಬೇಕು. ಹೊರಗೆ ಗಾಳಿಯಲ್ಲಿ, ಹುಳುವಿನ ಮೈಮೇಲೆ ಇರುವ ಪರಾಗಕ್ಕೆ ಸುಮಾರು ಆರು ದಿನ ಜೀವ ಇರುತ್ತದೆ. ಏಳು ದಿನ ಮುಚ್ಚಿದ್ದರೆ ಮೊದಲೇ ಕುಳಿತಿದ್ದ ಪರಪರಾಗ ಸತ್ತಿರುತ್ತದೆ. ಅರಳಿದ ಎರಡನೇ ಅಥವಾ ಮೂರನೇ ದಿನ, ಬಹುಪಾಲು ಹೂ ಬಿರಿದಾಗ, ಚೀಲ ಸಮೇತ ಬುಡದಲ್ಲಿ ಕತ್ತರಿಸಿ ಮುಚ್ಚಿದ ಕೋಣೆಗೆ ತನ್ನಿ. ಚೀಲದೊಳಗೇ ಕೊಡವಿ. ಸಣ್ಣ ಜರಡಿಯಲ್ಲಿ ಹಿಡಿದರೆ ಹೂವಿನ ಚೂರು, ಹುಳು ಮೇಲೆ ಉಳಿಯುತ್ತವೆ, ಹಳದಿ ಹಿಟ್ಟು ಕೆಳಗೆ ಇಳಿಯುತ್ತದೆ. ಒಂದು ಹೊಂಬಾಳೆಗೆ ಹತ್ತಾರು ಗ್ರಾಂ ಸಿಗುತ್ತದೆ.

ಒದ್ದೆ ಪರಾಗವನ್ನು ಹಾಗೇ ಫ್ರಿಜ್ಜಿಗೆ ಹಾಕಿದರೆ ಗಂಟುಕಟ್ಟಿ ಸಾಯುತ್ತದೆ. ಮೊದಲು 35ರಿಂದ 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ಒಂದು ದಿನ ತೆಳುವಾಗಿ ಹರಡಿ ಒಣಗಿಸಿ. ಕಾಗದದ ಮೇಲೆ ವಾಲಿಸಿದಾಗ ನೀರಿನಂತೆ ಹರಿಯಬೇಕು, ಗುಂಪಾಗಿ ಜಾರಬಾರದು. ಆಮೇಲೆ ಸಣ್ಣ ಸಣ್ಣ ಸೀಸೆಗಳಲ್ಲಿ, ಸಿಲಿಕಾ ಜೆಲ್ ಜೊತೆ, ಸೊನ್ನೆಗಿಂತ 15ರಿಂದ 20 ಡಿಗ್ರಿ ಕೆಳಗೆ ಇಡಿ. ದೊಡ್ಡ ಡಬ್ಬಿ ಬೇಡ. ಒಂದೇ ಡಬ್ಬಿಯನ್ನು ದಿನವೂ ಹೊರತೆಗೆದು ಒಳಗಿಟ್ಟರೆ ಪ್ರತಿ ಸಲವೂ ತೇವ ಕೂರುತ್ತದೆ, ಮೂರನೇ ವಾರಕ್ಕೆ ಪರಾಗ ಮುಗಿದ ಹಾಗೆಯೇ. ಒಂದು ದಿನಕ್ಕೆ ಬೇಕಾದಷ್ಟು ಒಂದು ಸೀಸೆ. ಉಳಿದದ್ದನ್ನು ಮತ್ತೆ ಇಡದೆ ಎಸೆಯಿರಿ. ಸರಿಯಾಗಿ ಒಣಗಿಸಿದ್ದು ಒಂದು ವರ್ಷ ಬಾಳುತ್ತದೆ.

ಬಳಸುವ ಮುನ್ನ ಜೀವ ಪರೀಕ್ಷೆ. 10ರಿಂದ 11 ಶೇಕಡಾ ಸಕ್ಕರೆ, ಚಿಟಿಕೆಯಷ್ಟು ಬೋರಿಕ್ ಆಮ್ಲ ಇರುವ ದ್ರಾವಣದ ಹನಿಯ ಮೇಲೆ ಪರಾಗ ಉದುರಿಸಿ, 38ರಿಂದ 40 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣದ ವ್ಯಾಸಕ್ಕಿಂತ ಉದ್ದದ ನಳಿಕೆ ಬಂದಿದ್ದರೆ ಮೊಳೆತಿದೆ ಎಂದು ಲೆಕ್ಕ. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮೊಳೆತರೆ ಧಾರಾಳ. ಐವತ್ತಕ್ಕಿಂತ ಕೆಳಗಿದ್ದರೆ ಆ ಸೀಸೆ ಬೇಡ. ಪ್ರಮಾಣ ಹೆಚ್ಚಿಸಿ ಸರಿದೂಗಿಸುವ ಯೋಚನೆಯೂ ಬೇಡ.

ಹಂತ 2: ಹೆಣ್ಣು ಹೊಂಬಾಳೆಗೆ ಚೀಲ

ಇಡೀ ಕೆಲಸದಲ್ಲಿ ಹೆಚ್ಚು ಬೆವರು ಹರಿಯುವುದು, ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಮತ್ತೊಂದು ತೊಡಕು ಏನೆಂದರೆ ಹೊಂಬಾಳೆ ಇನ್ನೂ ನಾರಿನ ಹಾಳೆಯೊಳಗೆ ಇರುವಾಗಲೇ ಅದು ಹೆಣ್ಣು, ಇನ್ನು ಎಂಟು ಹತ್ತು ದಿನಕ್ಕೆ ಅರಳುತ್ತದೆ ಎಂದು ಗುರುತಿಸಬೇಕು. ಒಳಹಾಳೆ ಸೀಳತೊಡಗಿ, ನಡುವೆ ಮುಳ್ಳಿನ ತುದಿಗಳು ಇಣುಕುವ ಹೊತ್ತೇ ಸರಿ. ಹೂ ಒಂದೆರಡು ಬಿರಿದಿದ್ದರೂ ಆ ಹೊಂಬಾಳೆಯನ್ನು ಬಿಟ್ಟುಬಿಡಿ.

ಕಂಕುಳಲ್ಲಿ ಸೇರಿಕೊಂಡ ಕಸ, ಹಳೆ ನಾರು, ಗರಿಯ ಬುಡದ ಮುಳ್ಳು ಎಲ್ಲ ಬಳಿದು ತೆಗೆಯಿರಿ. ಹಾಳೆ ಎರಡನ್ನೂ ಬುಡದವರೆಗೆ ಬಿಡಿಸಿ. ಹೊಂಬಾಳೆಯ ತೊಟ್ಟಿಗೆ ಕೀಟನಾಶಕ ಪುಡಿ ಸವರಿ, ಅದೇ ಪುಡಿ ಚಿಮುಕಿಸಿದ ಹತ್ತಿಯನ್ನು ತೊಟ್ಟಿನ ಸುತ್ತ ಎರಡು ಬೆರಳು ದಪ್ಪಕ್ಕೆ ಸುತ್ತಿ. ಅದರ ಮೇಲೆ ಒತ್ತು ನೇಯ್ಗೆಯ ಗಟ್ಟಿ ಬಟ್ಟೆಯ ಚೀಲ. ಒಂದು ಬದಿಗೆ ಒಳಗಿನದು ಕಾಣುವ ಪ್ಲಾಸ್ಟಿಕ್ ಕಿಟಕಿ ಇರಬೇಕು. ಚೀಲದ ಬಾಯಿ ಹತ್ತಿಯ ಮೇಲೆಯೇ ಬರುವಂತೆ ಎಳೆದು ರಬ್ಬರ್ ಪಟ್ಟಿಯಿಂದ ಬಿಗಿಯಿರಿ. ದಾರ ಬೇಡ. ತೊಟ್ಟು ದಿನೇ ದಿನೇ ದಪ್ಪವಾಗುತ್ತದೆ. ದಾರ ಕೊರೆಯುತ್ತದೆ ಇಲ್ಲವೇ ಹರಿಯುತ್ತದೆ, ರಬ್ಬರ್ ಹಿಗ್ಗುತ್ತದೆ.

ತೊಟ್ಟು ಗುಂಡಗಿರುವುದಿಲ್ಲ, ಗರಿಯ ಬುಡಕ್ಕೆ ಒತ್ತಿದ ಕಡೆ ಚಪ್ಪಟೆ, ಪಕ್ಕದಲ್ಲಿ ಗೀರು. ಹುಳು ನುಗ್ಗುವುದು ಆ ಹಿಂಬದಿಯ ಗೀರಿನಿಂದಲೇ. ಕಣ್ಣಿಗೆ ಕಾಣದ ಜಾಗವಾದ್ದರಿಂದ ಬೆರಳು ಆಡಿಸಿಯೇ ನೋಡಬೇಕು: ಹತ್ತಿ ಎಲ್ಲ ಕಡೆ ಮೆತ್ತಗೆ ತಾಗಬೇಕು, ಎಲ್ಲೂ ಬೆರಳಿನ ತುದಿ ನೇರ ತೊಟ್ಟಿಗೆ ತಗಲಬಾರದು. ಇನ್ನೊಂದು ದಾರಿ ಮೇಲಿನಿಂದ. ಪಕ್ಕದ ಗರಿಯ ಮುಳ್ಳು ಗಾಳಿಗೆ ಚೀಲವನ್ನು ಗೀರಿ ಸೂಜಿಮೊನೆಯ ತೂತು ಮಾಡಿರುತ್ತದೆ. ಆದ್ದರಿಂದ ಪ್ರತಿ ಬಾರಿ ಬಳಸುವ ಮುನ್ನ ಚೀಲವನ್ನು ಬೆಳಕಿಗೆ ಹಿಡಿದು ನೋಡಿ.

ಕಟ್ಟಿದ ದಿನ, ಮರದ ಸಂಖ್ಯೆ, ಕಟ್ಟಿದವರ ಗುರುತು ಇರುವ ಚೀಟಿಯನ್ನು ತೊಟ್ಟಿಗೇ ಕಟ್ಟಿ, ಚೀಲಕ್ಕಲ್ಲ. ಚೀಲ ತಿಂಗಳಲ್ಲಿ ಕಳಚಿ ಹೋಗುತ್ತದೆ, ಚೀಟಿ ಗೊನೆಯ ಜೊತೆ ಕೊನೆವರೆಗೆ ಬರಬೇಕು. ಕಟ್ಟಿ ಏಳು ದಿನ ತುಂಬುವ ಮೊದಲೇ ಹೂ ಬಿರಿದರೆ ಆ ಹೊಂಬಾಳೆ ರದ್ದು. ಕಷ್ಟಪಟ್ಟು ಹತ್ತಿ ಕಟ್ಟಿದ್ದು ವ್ಯರ್ಥವಾಯಿತಲ್ಲ ಎಂಬ ಮರುಕಕ್ಕೆ ಐದನೇ ದಿನ ಬಿರಿದದ್ದನ್ನು ಏಳು ಎಂದು ಬರೆಯುವ ಕೈಗಳಿವೆ. ಕಟ್ಟುವವರಿಗೆ ಗೊನೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಈ ಸುಳ್ಳನ್ನು ನೀವೇ ಬರೆಸಿದಂತೆ. ದಿನಗೂಲಿ ಕೊಡಿ.

ಹಂತ 3: ಪರಾಗ ಊದುವುದು

ಕಟ್ಟಿದ ಆರನೇ ದಿನದಿಂದ ದಿನವೂ ಕಿಟಕಿಯಲ್ಲಿ ನೋಡಿ. ಪರಾಗ ಹಿಡಿಯುವ ಮೂರು ಎಸಳಿನ ಹೂತುದಿ, ಅಂದರೆ ಶಲಾಕಾಗ್ರ, ಬಿರಿದು, ಕೆನೆಬಿಳಿ ಬಣ್ಣದಲ್ಲಿ ತೇವದಿಂದ ಹೊಳೆಯುತ್ತಿದ್ದರೆ ಸಿದ್ಧ. ಗುಲಾಬಿ ತಿರುಗಿದರೆ ಸಮಯ ಜಾರುತ್ತಿದೆ. ಕಡು ನೇರಳೆಯಾದರೆ ಮುಗಿಯಿತು. ಒಂದು ಹೊಂಬಾಳೆಗೆ ಸಿಗುವ ಒಳ್ಳೆಯ ಸಮಯ 36ರಿಂದ 48 ಗಂಟೆ.

ಒಂದು ಗ್ರಾಂ ಪರಾಗಕ್ಕೆ ಹತ್ತು ಗ್ರಾಂ ಟಾಲ್ಕ್ ಪುಡಿ ಬೆರೆಸಿ. ಟಾಲ್ಕ್ ಪರಾಗವನ್ನು ಬಿಡಿಬಿಡಿಯಾಗಿ ಹರಡುತ್ತದೆ, ಎಲ್ಲಿ ಬಿತ್ತು ಎಂದು ಬಿಳಿಯಾಗಿ ತೋರಿಸುತ್ತದೆ. ಒಂದು ಹೊಂಬಾಳೆಗೆ ಮಿಶ್ರಣ ಕೆಲವೇ ಗ್ರಾಂ ಸಾಕು. ಕಿಟಕಿಯಲ್ಲಿ ಸಣ್ಣ ತೂತು ಮಾಡಿ, ಊದುಗೊಳವೆಯ ಮೂತಿ ಒಳಗಿಟ್ಟು, ಚೀಲವನ್ನು ಉಬ್ಬಿಸುವಂತೆ ಊದಿ, ಇನ್ನೊಂದು ಕೈಯಿಂದ ಚೀಲ ಅಲುಗಾಡಿಸಿ. ಮೂತಿ ತೆಗೆದ ಕ್ಷಣವೇ ತೂತಿಗೆ ಅಂಟುಪಟ್ಟಿ. ಹೂಗಳೆಲ್ಲ ಒಂದೇ ದಿನ ಬಿರಿಯುವುದಿಲ್ಲವಾದ್ದರಿಂದ ಮರುದಿನ ಅಥವಾ ಮೂರನೇ ದಿನ ಇನ್ನೊಮ್ಮೆ ಊದಬೇಕು. ಹಿಂಬದಿಗೆ ಪುಡಿ ತಲುಪದಿದ್ದರೆ ಗೊನೆಯ ಮುಂಭಾಗ ಮಾತ್ರ ಕಾಯಿ ಕಟ್ಟಿ, ಹಿಂಭಾಗ ಬೋಳಾಗಿರುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಬಹಳ ಸಲ ಪರಪರಾಗ ಹೊತ್ತು ತರುವುದು ಊದುವವರ ಕೈ ಮತ್ತು ಅಂಗಿ. ಬೆಳಿಗ್ಗೆ ಗಂಡು ಹೊಂಬಾಳೆ ಕೊಡವಿದವರು ಅದೇ ಬಟ್ಟೆಯಲ್ಲಿ ಊದಲು ಹೋಗಬಾರದು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ, ಗೊಳವೆಯ ಮೂತಿಗೆ ಸ್ಪಿರಿಟ್ ಒರೆಸಿ. ಆಲ್ಕೊಹಾಲ್ ತಗುಲಿದ ಪರಾಗ ಸಾಯುತ್ತದೆ. ತಂದೆಮರ ಬದಲಾದರೆ ಗೊಳವೆಯನ್ನೇ ಬದಲಿಸಿ.

ಮೂರು ನಾಲ್ಕು ವಾರ ಕಳೆದು ಶಲಾಕಾಗ್ರಗಳು ಒಣಗಿ ಕಪ್ಪಾದ ಮೇಲೆ ಚೀಲ ತೆಗೆಯಬಹುದು. ಬೇಗ ತೆಗೆದರೆ ತಡವಾಗಿ ಬಿರಿದ ಹೂಗಳಿಗೆ ಹುಳು ಬರುತ್ತದೆ, ಬಹಳ ತಡವಾದರೆ ಒಳಗೆ ಬೂಷ್ಟು.

ಹಂತ 4: ಖಾಲಿ ಪರೀಕ್ಷೆ

ಇದನ್ನು ಬಿಟ್ಟವರ ಬೀಜವನ್ನು ನಂಬಲು ಕಾರಣವಿಲ್ಲ. ಕೆಲವು ಹೊಂಬಾಳೆಗೆ ಎಲ್ಲವನ್ನೂ ಯಥಾಪ್ರಕಾರ ಮಾಡಿ, ಊದುವಾಗ ಮಾತ್ರ ಬರಿ ಟಾಲ್ಕ್ ಊದಿ. ಊದುವವರಿಗೆ ಅದು ಖಾಲಿ ಎಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಆ ಗೊನೆಯಲ್ಲಿ ಬೀಜವಿರುವ ಒಂದೇ ಒಂದು ಕಾಯಿ ಕಟ್ಟಬಾರದು. ಬೀಜವಿಲ್ಲದ ಸಣ್ಣ ಕಾಯಿಗಳು ಇರಬಹುದು, ಅವು ಲೆಕ್ಕಕ್ಕಿಲ್ಲ. ಹತ್ತಿಪ್ಪತ್ತು ಬೀಜ ಕಂಡರೆ ಅದೇ ವಾರ, ಅದೇ ತಂಡ ಕಟ್ಟಿದ ಬೇರೆ ಚೀಲಗಳಲ್ಲೂ ಅಷ್ಟು ಹೊರಗಿನದು ಸೇರಿದೆ ಎಂದೇ ಎಣಿಸಿ.

ಮೊದಲ ಕಾಯಿ ಬಂದ ತೋಟದಲ್ಲೂ ಒಂದು ಲೆಕ್ಕ ಹಾಕಬಹುದು. ಡ್ಯೂರಾ ತಾಯಿ, ಪಿಸಿಫೆರಾ ತಂದೆ ಎಂದು ಮಾಡಿದ ಬೀಜದಲ್ಲಿ ಡ್ಯೂರಾ ಮರ ಒಂದೂ ಬರಬಾರದು. ಸಾವಿರಕ್ಕೆ ಹತ್ತು ಡ್ಯೂರಾ ಬಂದವು ಎನ್ನಿ. ಬೀಜತೋಟದ ಸುತ್ತ ಟೆನೆರಾ ಮರಗಳಿದ್ದರೆ ಅವುಗಳ ಪರಾಗದಲ್ಲಿ ಅರ್ಧ ಮಾತ್ರ ಡ್ಯೂರಾ ಮಾಡುತ್ತದೆ, ಉಳಿದರ್ಧ ಟೆನೆರಾ ಮಾಡಿ ಗುಟ್ಟಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಹೊರಗಿನ ತಂದೆಯವು ಹತ್ತಲ್ಲ, ಇಪ್ಪತ್ತು. ಸುತ್ತ ಡ್ಯೂರಾ ಮರಗಳೇ ಇದ್ದರೆ ಮಾತ್ರ ಕಂಡದ್ದೇ ಒಟ್ಟು. ಈಗ ಚಿಪ್ಪಿನ ಜೀನಿನ ಡಿಎನ್‌ಎ ಪರೀಕ್ಷೆಯನ್ನು ಸಸಿಯ ಎಲೆಯಲ್ಲೇ ಮಾಡಬಹುದು, ನಾಲ್ಕು ವರ್ಷ ಕಾಯಬೇಕಿಲ್ಲ. ತಳಿ ಪ್ರಯೋಗದ ಸಸಿಗಳಿಗಾದರೂ ಇದನ್ನು ಮಾಡಿಸಬೇಕು.

ಹಂತ 5: ಗೊನೆಯಿಂದ ಮೊಳಕೆ

ಐದನೇ ತಿಂಗಳಿಗೆ ಗೊನೆಗೆ ಬಲೆ ಕಟ್ಟಿ, ಉದುರಿದ ಹಣ್ಣು ಬೇರೆ ಗೊನೆಯದರ ಜೊತೆ ಬೆರೆಯಬಾರದು. ಕೊಯ್ದ ಮೇಲೆ ಕಡ್ಡಿಗಳನ್ನು ಬಿಡಿಸಿ, ತಿರುಳು ಕೆರೆದು, ಬೀಜ ತೊಳೆದು, ಶಿಲೀಂಧ್ರನಾಶಕದಲ್ಲಿ ಅದ್ದಿ ನೆರಳಲ್ಲಿ ಆರಿಸಿ. ಒಂದು ಗೊನೆಗೆ ಸಾವಿರದ ಆಸುಪಾಸು ಬೀಜ.

ಈ ಬೀಜ ಸುಮ್ಮನೆ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಎಬ್ಬಿಸಲು ಬಿಸಿ ಬೇಕು. ತೇವಾಂಶ 18 ಶೇಕಡಾ ಇರುವಂತೆ ಮಾಡಿ, ಪಾಲಿಥೀನ್ ಚೀಲದಲ್ಲಿ ಕಟ್ಟಿ, 39ರಿಂದ 40 ಡಿಗ್ರಿಯ ಕೋಣೆಯಲ್ಲಿ 60ರಿಂದ 80 ದಿನ ಇಡಿ. ವಾರಕ್ಕೊಮ್ಮೆ ಚೀಲ ಬಿಚ್ಚಿ ಗಾಳಿ ಆಡಿಸಿ. ಆಮೇಲೆ ದಿನವೂ ನೀರು ಬದಲಿಸುತ್ತ ಸುಮಾರು ಒಂದು ವಾರ ನೆನೆಸಿ, ತೇವಾಂಶ 22ಕ್ಕೆ ಏರಿಸಿ. ತಕ್ಕಡಿಯಲ್ಲೇ ಇದನ್ನು ತಿಳಿಯಬಹುದು: 18 ಶೇಕಡಾ ತೇವದ 100 ಕೆ.ಜಿ. ಬೀಜದಲ್ಲಿ ಒಣ ಭಾಗ 82 ಕೆ.ಜಿ.; ತೇವ 22 ಆದಾಗ ಒಟ್ಟು ತೂಕ 105 ಕೆ.ಜಿ. ಚಿಪ್ಪಿನ ಮೇಲಿನ ನೀರು ಆರುವವರೆಗೆ ನೆರಳಲ್ಲಿ ಹರಡಿ, ತೂಗಿ, ಮತ್ತೆ ಚೀಲಕ್ಕೆ ಹಾಕಿ ಸಾಮಾನ್ಯ ಉಷ್ಣತೆಯಲ್ಲಿ ಇಡಿ. ಹತ್ತು ದಿನಕ್ಕೆ ಮೊಳಕೆ ಶುರು, ಮುಂದಿನ ನಾಲ್ಕೈದು ವಾರದಲ್ಲಿ ಬಹುಪಾಲು ಮುಗಿಯುತ್ತದೆ.

ಇಲ್ಲಿ ಕೆಡುವುದು ಎರಡೇ ಕಾರಣಕ್ಕೆ. ಬಿಸಿಯಲ್ಲಿ ಇಡುವಾಗಲೇ ತೇವ ಹೆಚ್ಚಿದ್ದರೆ ಕೋಣೆಯೊಳಗೇ ಅಕಾಲಕ್ಕೆ ಮೊಳೆತು ಸಾಯುತ್ತವೆ. ನೆನೆಸಿದ ಮೇಲೆ ಚಿಪ್ಪಿನ ಮೇಲೆ ನೀರಿನ ಪೊರೆ ಉಳಿದರೆ ಭ್ರೂಣಕ್ಕೆ ಗಾಳಿ ಸಿಗದೆ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ.

ಮೊಳಕೆಯಲ್ಲಿ ಎಲೆಯ ಕುಡಿ ಯಾವುದು, ಬೇರು ಯಾವುದು ಎಂದು ಬೇರೆಬೇರೆ ಕಂಡ ಮೇಲೆಯೇ ನೆಡಿ. ತಲೆಕೆಳಗಾಗಿ ನೆಟ್ಟ ಮೊಳಕೆ ಸುತ್ತಿಕೊಂಡು ಬೆಳೆಯುತ್ತದೆ. ಮೂರು ತಿಂಗಳು ಸಣ್ಣ ಚೀಲ, ಆಮೇಲೆ ಎಂಟು ಹತ್ತು ತಿಂಗಳು ದೊಡ್ಡ ಚೀಲ. ಕುಳ್ಳಾದವು, ಗರಿ ನೆಟ್ಟಗೆ ಕಡ್ಡಿಯಂತೆ ನಿಂತವು, ತಲೆ ಚಪ್ಪಟೆಯಾದವು, ಎಲೆ ಸುಕ್ಕುಗಟ್ಟಿದವು ಇವನ್ನೆಲ್ಲ ಹಂತ ಹಂತವಾಗಿ ತೆಗೆದರೆ ಒಟ್ಟು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಹೋಗುತ್ತವೆ. ಹೋಗಬೇಕು ಕೂಡ. ಒಂದು ಸಂಕರಣದ ಸಸಿಗಳನ್ನು ಅದೇ ಸಂಕರಣದವುಗಳ ಜೊತೆ ಮಾತ್ರ ಹೋಲಿಸಿ. ನಿಧಾನ ಬೆಳೆಯುವ ಗಿಡ್ಡ ತಳಿಯನ್ನು ಎತ್ತರದ ತಳಿಯ ಪಕ್ಕ ಇಟ್ಟು "ಕುಳ್ಳು" ಎಂದು ಎಸೆದರೆ ಗಿಡ್ಡತನದ ಜೀನನ್ನೇ ಎಸೆದಂತಾಗುತ್ತದೆ.

ವಂಶಾವಳಿ: ನಾಲ್ಕು ಸಸಿಯ ಸಂತಾನ

1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಎಣ್ಣೆತಾಳೆ ಸಸಿ ನೆಟ್ಟರು. ಅವುಗಳ ಸಂತಾನ ಸುಮಾತ್ರಾದ ಡೆಲಿ ಪ್ರಾಂತಕ್ಕೆ ಹೋಗಿ ಡೆಲಿ ಡ್ಯೂರಾ ಎಂದು ಹೆಸರಾಯಿತು. ಇಂದಿಗೂ ಆಗ್ನೇಯ ಏಷ್ಯಾದ ಬೀಜೋತ್ಪಾದನೆಯ ತಾಯಿಮರಗಳು ಬಹುಪಾಲು ಈ ಬಳಗದವು. ತಂದೆಯ ಕಡೆಯೂ ಅದೇ ಕಥೆ: ಬಹಳ ಬಳಕೆಯ ಆವ್ರೋಸ್ ಪಿಸಿಫೆರಾ ಬಳಗ ಕಾಂಗೋದ ಎಯಾಲಾ ಉದ್ಯಾನದ ಜೋಂಗೊ ಎಂಬ ಒಂದು ಮರಕ್ಕೆ ಹೋಗಿ ಮುಟ್ಟುತ್ತದೆ. ಡೆಲಿ ತಾಯಿಗೆ ಆಫ್ರಿಕದ ತಂದೆಯನ್ನು ಕೂಡಿಸಿದಾಗ ಬರುವ ಹುರುಪು ಎರಡು ಬಳಗಗಳ ದೂರದಿಂದ ಬಂದದ್ದು, ಆದರೆ ಒಂದೊಂದು ಬಳಗದ ಒಳಗೆ ಬಾವಿ ಆಳವಿಲ್ಲ. ಇಡೀ ಪ್ರದೇಶ ಒಂದೇ ರೋಗಕ್ಕೆ, ಉದಾಹರಣೆಗೆ ಬುಡ ಕೊಳೆಸುವ ಗ್ಯಾನೊಡರ್ಮಾಕ್ಕೆ, ಮೈಯೊಡ್ಡಿದರೆ ಹೊರಳಿ ನೋಡಲು ಬೇರೆ ಜೀನ್ ಬೇಕಲ್ಲ.

ಬೀಜ ಘಟಕದಲ್ಲಿ ಈ ಇಕ್ಕಟ್ಟು ಹೇಗೆ ಹುಟ್ಟುತ್ತದೆ ನೋಡಿ. ಒಂದು ಒಳ್ಳೆಯ ಪಿಸಿಫೆರಾ ಹೊಂಬಾಳೆಯಿಂದ 30 ಗ್ರಾಂ ಪರಾಗ ಸಿಕ್ಕಿತು, ಒಂದು ಗೊನೆಗೆ 0.3 ಗ್ರಾಂ ಖರ್ಚಾಯಿತು ಎಂದರೆ ನೂರು ಗೊನೆ, ಒಂದು ಲಕ್ಷ ಬೀಜ. ಹೆಕ್ಟೇರಿಗೆ 143 ಮರ, ತೆಗೆದುಹಾಕುವವನ್ನೂ ಸೇರಿಸಿ 200 ಬೀಜ ಎಂದು ಹಿಡಿದರೆ 500 ಹೆಕ್ಟೇರ್. ಅಷ್ಟು ನೆಲದ ಪ್ರತಿ ಮರಕ್ಕೂ ಒಬ್ಬನೇ ಅಪ್ಪ.

ಮುಂದಿನ ತಲೆಮಾರಿಗೆ ತಾಯಿತಂದೆ ಆರಿಸುವಾಗ ಸಂಖ್ಯೆಯ ಮೋಸಕ್ಕೆ ಬೀಳದಿರಲು ಒಂದು ಸೂತ್ರ ಸಾಕು: ತಾಯಿಗಳ ಸಂಖ್ಯೆಯನ್ನು ತಂದೆಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಇಬ್ಬರ ಮೊತ್ತದಿಂದ ಭಾಗಿಸಿ. 40 ತಾಯಿ, 2 ತಂದೆ ಇದ್ದರೆ ಬರುವುದು 7.6. ಅಂದರೆ 42 ಮರ ನಿಂತಿದ್ದರೂ ವೈವಿಧ್ಯ ಉಳಿಸುವ ಶಕ್ತಿ ಎಂಟು ಮರದಷ್ಟೂ ಇಲ್ಲ. ಅದೇ 40 ತಾಯಿಗೆ 10 ತಂದೆ ಹಾಕಿದರೆ 32. ಇನ್ನೂ ಮೂವತ್ತು ತಾಯಿಮರ ಸೇರಿಸುವುದಕ್ಕಿಂತ ನಾಲ್ಕು ತಂದೆ ಸೇರಿಸುವುದು ಹೆಚ್ಚು ಫಲ ಕೊಡುತ್ತದೆ.

ವಂಶಾವಳಿ ಪುಸ್ತಕದಲ್ಲಿ ಪ್ರತಿ ಮರಕ್ಕೂ ಮೂರು ತಲೆಮಾರು ಬರೆದಿಡಿ. ಸ್ವಂತ ಪರಾಗ ಒಮ್ಮೆ ಹಾಕಿದರೆ ಒಳಸಂಕರಣದ, ಅಂದರೆ ಹತ್ತಿರದ ಸಂಬಂಧದ ಕೂಡಿಕೆಯ, ಪ್ರಮಾಣ ಅರ್ಧಕ್ಕೆ ಏರುತ್ತದೆ, ಒಡಹುಟ್ಟಿದವರನ್ನು ಕೂಡಿಸಿದರೆ ಕಾಲಿಗೆ. ಪಿಸಿಫೆರಾ ಬೇಕೆಂದರೆ ಟೆನೆರಾಕ್ಕೆ ಅದರದೇ ಪರಾಗ ಹಾಕುವುದು ಸುಲಭದ ದಾರಿ, ಆದರೆ ಸಂಬಂಧವಿಲ್ಲದ ಎರಡು ಟೆನೆರಾ ಕೂಡಿಸಿದರೂ ಕಾಲು ಭಾಗ ಪಿಸಿಫೆರಾವೇ ಬರುತ್ತದೆ. ಪಿಸಿಫೆರಾದ ಯೋಗ್ಯತೆ ಅದರ ಮೈ ನೋಡಿ ತಿಳಿಯದು; ಗೊನೆಯೇ ಇಲ್ಲವಲ್ಲ. ಹಲವು ಡ್ಯೂರಾ ತಾಯಿಗಳಿಗೆ ಕೂಡಿಸಿ, ಮಕ್ಕಳ ಗೊನೆ ತೂಗಿಯೇ ಅಪ್ಪನ ಬೆಲೆ ಕಟ್ಟಬೇಕು. ಹತ್ತಕ್ಕೂ ಹೆಚ್ಚು ವರ್ಷದ ಕೆಲಸ.

ಹೊಸ ರಕ್ತ ಬೇಕಾದರೆ ಮೂಲನೆಲೆಗೆ ಹೋಗಬೇಕು, ಅಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ತೋಪುಗಳಿಗೆ. ಮಲೇಷ್ಯಾದವರು 1973ರಲ್ಲಿ ನೈಜೀರಿಯಾದಿಂದ ಶುರುಮಾಡಿ, ಮುಂದೆ ಕ್ಯಾಮರೂನ್, ಕಾಂಗೋ, ತಾಂಜಾನಿಯಾ, ಅಂಗೋಲಾ ಮುಂತಾದ ಕಡೆಗಳಿಂದ ಬೀಜ ತಂದು ಜೋಹೋರಿನ ಕ್ಲುವಾಂಗ್‌ನಲ್ಲಿ ಜೀವಂತ ಸಂಗ್ರಹ ಮಾಡಿದ್ದಾರೆ. ಸಂಗ್ರಹಿಸುವಾಗ ಕಣ್ಣಿಗೆ ಚೆಂದ ಕಂಡ ಮರಗಳನ್ನಷ್ಟೇ ಆರಿಸುವ ಚಪಲ ಬಿಡಿ. ಒಂದು ಕಡೆ ಹೆಚ್ಚು ಮರಕ್ಕಿಂತ ಹಲವು ಕಡೆ ಕೆಲವು ಮರ ಮೇಲು. ಒಂದು ತೋಪಿನಲ್ಲಿ ನೂರಕ್ಕೆ ಐದರಷ್ಟು ಅಪರೂಪವಾದ ಜೀನಿನ ರೂಪ ಇದೆ ಎನ್ನಿ. ಸಂಬಂಧವಿಲ್ಲದ 30 ಮರ ಆರಿಸಿದರೆ ಅದು ನಿಮ್ಮ ಬುಟ್ಟಿಗೆ ಬೀಳುವ ಸಾಧ್ಯತೆ 95 ಶೇಕಡಾ. 10 ಮರವಾದರೆ 64. ಒಂದು ಗೊನೆಯ ಬೀಜ ಒಂದೇ ತಾಯಿಯದು, ಅಪ್ಪಂದಿರು ಹಲವರು. ಗೊನೆಗಳನ್ನು ಬೆರೆಸಿದ ದಿನ ಆ ಮಾಹಿತಿ ಮತ್ತೆ ಸಿಗುವುದಿಲ್ಲ, ಬೇರೆಬೇರೆ ಚೀಲದಲ್ಲೇ ಇಡಿ. ಕಾಯಿಯ ಬಣ್ಣವನ್ನೂ ಬರೆಯಿರಿ: ಹೆಚ್ಚಿನವು ಎಳೆಯದರಲ್ಲಿ ಕಪ್ಪು ನೇರಳೆ, ಎಳೆಯದರಲ್ಲಿ ಹಸಿರಾಗಿದ್ದು ಹಣ್ಣಾದಾಗ ಕಿತ್ತಳೆಗೆ ತಿರುಗುವ ವೈರೆಸೆನ್ಸ್ ಅಪರೂಪ. ಗೊನೆ ಬಲಿತದ್ದು ಕೆಳಗಿನಿಂದಲೇ ಕಾಣುವುದರಿಂದ ಕೊಯ್ಯುವವರಿಗೆ ಇದು ದೊಡ್ಡ ಉಪಕಾರ.

ಅಮೆರಿಕದ ಸೋದರ ಎಲೈಸ್ ಒಲೀಫೆರಾ ನಿಧಾನ ಎತ್ತರಕ್ಕೆ ಹೋಗುತ್ತದೆ, ಎಣ್ಣೆ ಹೆಚ್ಚು ತೆಳು, ಲ್ಯಾಟಿನ್ ಅಮೆರಿಕದ ಸುಳಿಕೊಳೆ ರೋಗಕ್ಕೆ ಹೆಚ್ಚು ತಾಳಿಕೆ. ಎರಡೂ ಜಾತಿಗೆ 32 ಕ್ರೋಮೊಸೋಮ್ ಆದ್ದರಿಂದ ಸಂಕರಣ ಸಾಧ್ಯ. ಆದರೆ ಮಿಶ್ರತಳಿಯ ಪರಾಗ ಬಹಳ ದುರ್ಬಲ, ಹುಳುವನ್ನೂ ಅಷ್ಟಾಗಿ ಸೆಳೆಯುವುದಿಲ್ಲ. ಕೈಯಿಂದ ಪರಾಗ ಊದಬೇಕು, ಇಲ್ಲವೇ ಕೊಲಂಬಿಯಾದಲ್ಲಿ ಮಾಡುವಂತೆ ನ್ಯಾಫ್ತಲೀನ್ ಅಸಿಟಿಕ್ ಆಮ್ಲ ಸಿಂಪಡಿಸಿ ಬೀಜವಿಲ್ಲದ ಕಾಯಿ ಕಟ್ಟಿಸಬೇಕು. ನೆಡುವ ಮೊದಲೇ ಈ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಿರಿ.

ಅಂಗಾಂಶ ಕೃಷಿಯ ಸಸಿಗಳಲ್ಲಿ ಪರಾಗದ ಗೋಜಿಲ್ಲ, ಒಂದು ಉತ್ತಮ ಮರದ ಸಾವಿರ ಪ್ರತಿ. ಅಲ್ಲಿನ ಕಾಟ ಬೇರೆ: ಕಾಯಿಯ ಸುತ್ತ ಹೆಚ್ಚುವರಿ ಎಸಳು ಬೆಳೆದು ಗೊನೆ ಕೆಡುವ ವಿಕಾರ. ಡಿಎನ್‌ಎಯ ಅಕ್ಷರ ಬದಲಾಗದೆಯೇ, ಕರ್ಮಾ ಎಂಬ ಜಿಗಿಯುವ ತುಣುಕಿನ ಮೇಲಿನ ರಾಸಾಯನಿಕ ಗುರುತು ಅಳಿಸಿಹೋಗುವುದೇ ಕಾರಣ ಎಂದು 2015ರಲ್ಲಿ ಗೊತ್ತಾಯಿತು. ತದ್ರೂಪಿ ಸಸಿ ನೆಡುವುದಾದರೆ ಒಂದೇ ಮರದ ಪ್ರತಿಯಿಂದ ಇಡೀ ತೋಟ ತುಂಬಬೇಡಿ, ಹಲವು ಮರಗಳ ಪ್ರತಿ ಬೆರೆಸಿ. ಬೀಜದ ಸಸಿಗಳಿಗೂ ಇದೇ ಮಾತು. ಆದರೆ ಬೆರೆಸುವ ಮುನ್ನ ಯಾವ ಸಾಲಿನ ಎಷ್ಟನೇ ಗುಂಡಿಗೆ ಯಾವ ಸಂಕರಣ ಹೋಯಿತು ಎಂಬ ನಕ್ಷೆ ಬರೆದು, ಅದರ ಎರಡು ಪ್ರತಿಯನ್ನು ಬೇರೆಬೇರೆ ಕಟ್ಟಡದಲ್ಲಿ ಇಡಿ.